ಕತ್ತು ಮಾತ್ರ ಒತ್ತಿದ ತೋಟಾಗಳು

ಸುಮನಾ ಮೇಡಂ, ಅವತ್ತು ನಿಮ್ಮ ರೈಫಲ್ ಕೈಕೊಟ್ಟಿದ್ದು ನನ್ನಿಂದ. ನೀವು ತೋಟಾಗಳನ್ನು ಬೆರೆಸಿರಲಿಲ್ಲ. ಬೆರೆಸಿದವನು ನಾನು, ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವನೂ ನಾನು. ಆಮೇಲೆ ಇಷ್ಟು ವರ್ಷ ದೊಡ್ಡ ಮರ್ಯಾದಸ್ಥನ ಹಾಗೆ ಓಡಾಡಿಕೊಂಡಿದ್ದೇನೆ — ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಕೊರೋನಾ ಲಾಕ್‌ಡೌನ್ ಸಡಿಲವಾಗಿ ನಮ್ಮ ಶೂಟಿಂಗ್ ಕ್ಲಬ್ಬು ಮತ್ತೆ ಬಾಗಿಲು ತೆರೆದಾಗ ಹೊಸ ತೋಟಾ ಬರುವುದೇ ನಿಂತುಹೋಗಿತ್ತಲ್ಲ. ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ಕೇಸುಗಳನ್ನೇ ಕ್ಲಬ್ಬಿನ ಕೋಣೆಯಲ್ಲಿ ಮದ್ದು ಗುಂಡು ಹಾಕಿ ಮತ್ತೆ ತುಂಬಬೇಕಾಯಿತು. ಕಮಿಟಿಯವರು ಆ ಕೆಲಸ ನನಗೆ ವಹಿಸಿದರು. ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮಲೇಷ್ಯಾಕ್ಕೆ ಬಂದು ಪುಚೊಂಗಿನಲ್ಲಿ ನೆಲೆಸಿದ ಈ ಮೈಸೂರಿನವನು ಬಲು ಕಟ್ಟುನಿಟ್ಟು ಅಂತ ಎಲ್ಲರ ನಂಬಿಕೆ. ನನಗೂ ಅದೇ ಕೊಬ್ಬು.

ಗುಂಡು ಹಾರಿದಾಗ ಹಿತ್ತಾಳೆ ಉಬ್ಬಿ ಆ ರೈಫಲ್ಲಿನ ಒಳಗಿನ ಅಳತೆಗೇ ಕೂರುತ್ತದೆ, ಒಬ್ಬರ ಕಾಲಿಗೆ ಪಳಗಿದ ಚಪ್ಪಲಿಯ ಹಾಗೆ. ಮತ್ತೆ ತುಂಬುವ ಮೊದಲು ಗುಂಡು ಕೂರುವ ಕೇಸಿನ ಕತ್ತನ್ನಷ್ಟೇ ಒತ್ತಿ ಕಿರಿದು ಮಾಡಿದರೆ ಅದು ಅದೇ ರೈಫಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಬೇರೆಯದಕ್ಕೆ ಹೋಗಬೇಕೆಂದರೆ ಇಡೀ ಮೈಯನ್ನು ಒತ್ತಬೇಕು — ಒಂದೊಂದಕ್ಕೂ ಜಿಡ್ಡು ಸವರಿ, ಒತ್ತಿ, ಒರೆಸಿ. ಬೇಜಾರಿನ ಕೆಲಸ. ಕಮಿಟಿಯವರು ಮೈಯನ್ನೂ ಒತ್ತಿ ಅಂದರು. ನಾನು ಬಿಟ್ಟೆನೇ? ಸೋಂಕಿನ ಭಯಕ್ಕೆ ಈಗ ಒಬ್ಬರಿಗೆ ಒಂದೇ ರೈಫಲ್, ನಿಮಗೆ ನಾಲ್ಕನೇ ನಂಬರು, ನನಗೆ ಎರಡು. ಅವರವರ ಕೇಸು ಅವರವರಿಗೇ ಹೋಗುತ್ತದೆ, ಕತ್ತು ಸಾಕು, ಹಿತ್ತಾಳೆಯೂ ಬಾಳುತ್ತದೆ ಅಂತ ಪಾಠ ಮಾಡಿದೆ.

ಪಾಠವೇನೋ ಸರಿಯಿತ್ತು. ಆದರೆ ಕ್ಲಬ್ಬಿನ ತಂಡ ಆರಿಸುವ ಪಂದ್ಯದ ಹಿಂದಿನ ವಾರ ಮನೆಗೆ ಹೊರಡುವ ಅವಸರದಲ್ಲಿ ನಿಮ್ಮವು ನನ್ನವು ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದುಬಿಟ್ಟೆ. ಆಗಲಾದರೂ ಇಡೀ ಮೈ ಒತ್ತಬೇಕಿತ್ತು. ಒತ್ತಲಿಲ್ಲ. ಕತ್ತು ಒತ್ತಿ, ತುಂಬಿ, ನಾಲ್ಕೈದನ್ನು ನನ್ನ ರೈಫಲ್ಲಿಗೆ ಹಾಕಿ ನೋಡಿದೆ — ನನ್ನದಕ್ಕೆ ಸಲೀಸಾಗಿ ಹೋದವು. ಅರ್ಧವನ್ನು ಡಬ್ಬಿಗೆ ಹಾಕಿ ನಿಮ್ಮ ನಂಬರಿನ ಚೀಟಿ ಅಂಟಿಸಿ ಕೊಟ್ಟೆ. ಯಾವ ರೈಫಲ್ಲಿನವು ಅಂತ ನನಗೇ ಗೊತ್ತಿರಲಿಲ್ಲ.

ತಂಡದಲ್ಲಿ ಉಳಿದಿದ್ದು ಒಂದೇ ಜಾಗ, ಮತ್ತು ಅದು ನಿಮ್ಮದೇ ಅನ್ನುವುದು ಮೊದಲ ಸುತ್ತಿಗೇ ಎಲ್ಲರಿಗೂ ಕಂಡಿತ್ತು. ಎರಡನೇ ಸುತ್ತಿನಲ್ಲಿ ತೋಟಾ ಹಾಕಿದರೆ ನಿಮ್ಮ ರೈಫಲ್ಲಿನ ಬೋಲ್ಟು ಮುಚ್ಚಲಿಲ್ಲ. “ಇದು ಒಳಗೆ ಹೋಗುದೇ ಇಲ್ಲ ಮಾರಾಯ್ರೆ,” ಅಂತ ಮಾಸ್ಕಿನೊಳಗಿಂದ ನನ್ನ ಕಡೆ ತಿರುಗಿ ಹೇಳಿದಿರಿ. ಬಲ ಹಾಕಲಿಲ್ಲ ನೀವು. ನಿಯಮದಂತೆ ರೈಫಲ್ ಕೆಳಗಿಟ್ಟು ಕೈ ಎತ್ತಿದಿರಿ. ಸಮಯ ಮುಗಿಯಿತು. ಮೇಲ್ವಿಚಾರಕರು ಬಂದು ಕೇಳಿದಾಗ ನಾನು ಇಂಗ್ಲಿಷಿನಲ್ಲಿ ಹೇಳಿದೆ, “ಮೇಡಂ ಡಬ್ಬಿ ಅದಲುಬದಲು ಮಾಡ್ಕೊಂಡಿರಬೇಕು.” ಕನ್ನಡದಲ್ಲಿ ನಿಮ್ಮ ಮುಖ ನೋಡಿ ಹೇಳುವ ಧೈರ್ಯ ನನಗೆಲ್ಲಿತ್ತು?

ನೀವು ಉಳಿದ ತೋಟಾಗಳನ್ನು ಒಂದೊಂದಾಗಿ ಡಬ್ಬಿಗೆ ಜೋಡಿಸಿ ಮೇಜಿನ ಮೇಲಿಟ್ಟಿರಿ.

ಬಂದೂಕಿನ ವಿಷಯದಲ್ಲಿ ಅಜಾಗರೂಕರು ಅಂತ ಬರೆದು ನಿಮ್ಮನ್ನು ಕ್ಲಬ್ಬಿನಿಂದಲೇ ಹೊರಗಿಟ್ಟರು. ಮೆಡಿಕಲ್ ಕಾಲೇಜಿನಲ್ಲಿ ಒಂದೊಂದು ಮೂಳೆಗೂ ಚೀಟಿ ಅಂಟಿಸಿ ಪಾಠ ಮಾಡುವ ಉಡುಪಿಯ ಹೆಂಗಸು ಅಜಾಗರೂಕರಂತೆ! ತುಂಬಿದವನು ಯಾರು ಅಂತ ಕಮಿಟಿಯಲ್ಲಿ ಒಬ್ಬನಾದರೂ ಕೇಳಬೇಕಿತ್ತಲ್ಲವೇ? ಹೆಂಗಸು ಗಡಿಬಿಡಿ ಮಾಡಿಕೊಂಡರು ಅಂದರೆ ಎಷ್ಟು ಬೇಗ ನಂಬುತ್ತಾರೆ ಈ ಗಂಡಸರು! ಅವರು ನಂಬುತ್ತಾರೆ ಅಂತ ಗೊತ್ತಿದ್ದೇ ನಾನು ಹಾಗೆ ಹೇಳಿದ್ದು.

ಇದಕ್ಕಿಂತ ಹೇಸಿಗೆಯ ಮಾತು ಇನ್ನೂ ಇದೆ. ಆಮೇಲೆ ನಾನು ತುಂಬುವ ಪ್ರತಿಯೊಂದು ಕೇಸಿಗೂ ಇಡೀ ಮೈ ಒತ್ತತೊಡಗಿದೆ. ಹೊಸಬರಿಗೆ ತರಗತಿ ನಡೆಸುವವನೂ ನಾನೇ. ಯಾಕೆ ಇಷ್ಟೊಂದು ಕಷ್ಟ ಅಂತ ಯಾರಾದರೂ ಕೇಳಿದರೆ, “ಹಿಂದೆ ಒಬ್ಬರು ಮೇಡಂ ಇದ್ದರು...” ಅಂತ ಶುರುಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ! ಹೋದ ಶನಿವಾರ ಹೊಸದಾಗಿ ಸೇರಿದ ಹೆಂಗಸೊಬ್ಬರು ನಗಲಿಲ್ಲ. “ಅವರ ತೋಟಾ ತುಂಬಿದ್ದು ಯಾರು ಸರ್?” ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಮರೆತುಹೋಗಿದೆ ಅಂದುಬಿಟ್ಟೆ.

ಮರುದಿನವೇ ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಸಿ, “ಹಳೇ ವಿಷಯ, ಬಿಡಿ ಲಾ, ಅವರೂ ಮರೆತಿರ್ತಾರೆ,” ಅಂತ ಇಲ್ಲಿಯವರ ರಾಗದಲ್ಲಿ ಅಂದರು. ಮರೆಯೋದಕ್ಕೆ ಅವರೇನು ತಪ್ಪು ಮಾಡಿದ್ದರಾ ಅಂತ ಅಲ್ಲೇ ಕೂಗಾಡಿದೆ. ಸುತ್ತಲಿನವರು ತಿರುಗಿ ನೋಡಿದರು. ನೋಡಲಿ.

ನಿಮ್ಮ ಹೆಸರಿನ ಮುಂದೆ ಬರೆದ ಅಜಾಗರೂಕರು ಅನ್ನುವ ಆ ಮಾತನ್ನು ಅಳಿಸಬೇಕು ಅಂತ ಕಮಿಟಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ತುಂಬುವ ಕೋಣೆಯ ಬೀಗದ ಕೈಯನ್ನೂ ಒಪ್ಪಿಸಿದ್ದೇನೆ. ನೀವು ಫೋನ್ ಮಾಡಬೇಕಾಗಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಈ ಶನಿವಾರ ನನ್ನ ಕೊನೆಯ ತರಗತಿ. ಪ್ರಶ್ನೆ ಕೇಳಿದ ಆ ಹೆಂಗಸಿನ ಎದುರು ನಿಂತು, ತುಂಬಿದವನು ನಾನು ಅಂತ ಹೇಳುತ್ತೇನೆ — ಈ ಸಲ ಮೊದಲು ಕನ್ನಡದಲ್ಲಿ, ಅವರಿಗೆ ಅರ್ಥವಾಗದಿದ್ದರೂ. ಆಮೇಲೆ ಎಲ್ಲರಿಗೂ ಅರ್ಥವಾಗುವ ಹಾಗೆ.