ತಂತಿಯ ದೊಡ್ಡಕ್ಷರಗಳು

ಅಣ್ಣಾ ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ ಅದು. ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದ ಅಪ್ಪ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಅವರ ಅಂಗಿಗೆ ಸದಾ ಸಾಂಬಾರಿನ ವಾಸನೆ. ನಾನು ಐದನೇ ಕ್ಲಾಸು. ಇಂಗ್ಲಿಷ್ ಓದಬಲ್ಲೆನೆಂದು ಮನೆಗೆ ಬಂದ ಕಾಗದವನ್ನೆಲ್ಲ ಅಮ್ಮ ನನ್ನ ಕೈಗೇ ಕೊಡುತ್ತಿದ್ದಳು.

ಆ ವಾರ ಟೀಚರ್ ಕ್ಯಾಪಿಟಲ್ ಅಕ್ಷರದ ಪಾಠ ಮಾಡಿದ್ದರು. ವಾಕ್ಯದ ಮೊದಲಿಗೆ ದೊಡ್ಡಕ್ಷರ. ಊರಿನ ಹೆಸರಿಗೆ, ಮನುಷ್ಯರ ಹೆಸರಿಗೆ ದೊಡ್ಡಕ್ಷರ. ಮದರಾಸನ್ನು ಸಣ್ಣಕ್ಷರದಲ್ಲಿ ಬರೆದು ನಾನು ಸ್ಕೇಲಿನ ಏಟು ತಿಂದಿದ್ದೆ. ಕನ್ನಡಕ್ಕೂ ತಮಿಳಿಗೂ ಇಲ್ಲದ ಈ ರಗಳೆ ಇಂಗ್ಲಿಷಿಗೇಕೆ ಎಂದು ಸಿಟ್ಟು ಬಂದಿತ್ತು.

ಶನಿವಾರ ಬೀದಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಗ ತಂತಿ ಬಂತು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಓದ್ ಕಾಂಬ ಮಗಾ, ಎಂತ ಬರ್ದಿದ್ರ್?”

“ಬೇಬಿ ಸೀರಿಯಸ್. ಕೂಡ್ಲೇ ಹೊರಡಿ ಅಂತ.”

ಬೇಬಿ ಎಂಬುದು ಅಮ್ಮನ ಒಬ್ಬಳೇ ತಂಗಿಯ ಹೆಸರು. ಅವಳು ಹೆತ್ತು ಹದಿನೈದು ದಿನವಾಗಿತ್ತಷ್ಟೆ.

“ಯಾರಿಗೆ? ನಮ್ಮ್ ಬೇಬಿಗಾ, ಶಿಶುವಿಗಾ?”

ಹೆಸರಾದರೆ ದೊಡ್ಡಕ್ಷರ ಇರಬೇಕು. ನೋಡಿದೆ. ತಂತಿಯಲ್ಲಿದ್ದ ಅಷ್ಟೂ ಅಕ್ಷರ ದೊಡ್ಡವೇ.

“ತೆರಿಯಲೆ ಅಮ್ಮಾ,” ಗೊತ್ತಾಗುತ್ತಿಲ್ಲವೆಂದು ತಮಿಳಿನಲ್ಲೇ ತೊದಲಿದೆ. ಅಮ್ಮನ ತುಟಿ ನಡುಗುತ್ತಿತ್ತು. ನೋಡಲಾರದೆ ಅಂದುಬಿಟ್ಟೆ: “ಶಿಶುವಿಗೇ.”

ಅಮ್ಮ ಉಸಿರು ಬಿಟ್ಟಳು. ಮರುಗಳಿಗೆ ನಾಚಿಕೊಂಡವಳಂತೆ ಬಾಯಿಗೆ ಸೆರಗು ಹಿಡಿದಳು.

ಅಪ್ಪನಿಗೆ ಅಂದು ರಜೆ ಸಿಗಲಿಲ್ಲ. ತಂಗಿಗೇ ಎಂದಿದ್ದರೆ ಅಮ್ಮ ನನ್ನನ್ನು ಕಟ್ಟಿಕೊಂಡು ಅಂದೇ ಹೊರಡುತ್ತಿದ್ದಳು. ಶಿಶುವೆಂದು ಒಂದು ದಿನ ಕಾದಳು. ಮಂಗಳೂರಿನ ರೈಲಿನುದ್ದಕ್ಕೂ ನಾನು ಆ ತಂತಿಯನ್ನು ಬಿಚ್ಚಿ ಬಿಚ್ಚಿ ನೋಡಿದೆ. ಕಟ್ಟಿತಂದ ಮೊಸರನ್ನದ ಗಂಟು ಬಿಚ್ಚಲಿಲ್ಲ.

ಚಿಕ್ಕಮ್ಮನ ಮನೆ ಮುಟ್ಟಿದಾಗ ಅಂಗಳದಲ್ಲಿ ಜನ. ತೊಟ್ಟಿಲಲ್ಲಿ ಶಿಶು ಆರೋಗ್ಯವಾಗಿ ನಿದ್ದೆ ಮಾಡುತ್ತಿತ್ತು. ಚಿಕ್ಕಮ್ಮ ಆ ದಿನ ಬೆಳಿಗ್ಗೆಯೇ ಹೋಗಿಬಿಟ್ಟಿದ್ದಳು.

“ನಿನ್ನೆಯಿಡೀ ‘ಅಕ್ಕ ಬಂದ್ಲಾ’ ಅಂತ ಕೇಂತಿದ್ಲ್,” ಎಂದರು ಪಕ್ಕದ ಮನೆಯವರು.

ಅಮ್ಮ ನನ್ನತ್ತ ಒಮ್ಮೆ ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಮದರಾಸಿಗೆ ಮರಳಿದ ಮೇಲೆ ಮಾತ್ರ ಬಂದ ಕಾಗದಗಳು ಅಕ್ಕಿಡಬ್ಬಿಯ ಮೇಲೆ ಅಪ್ಪನಿಗಾಗಿ ಕಾಯತೊಡಗಿದವು. ಅಕ್ಷರ ಕೂಡಿಸಿ ಕೂಡಿಸಿ ಓದುವ ಅಪ್ಪನಿಗಾಗಿ, ನಾನು ಎಂ.ಎ. ಮುಗಿಸಿದ ಮೇಲೂ.

ಈಗ ತಂತಿಯೂ ಇಲ್ಲ, ಆ ಖಾಲಿ ಸೈಟುಗಳೂ ಇಲ್ಲ. ನನ್ನ ಮೇಲೆ ಕೋಪವಿತ್ತೇ ಎಂದು ಕೇಳುವ ಧೈರ್ಯ ಬರುವಷ್ಟರಲ್ಲಿ ಅಮ್ಮನೂ ಇರಲಿಲ್ಲ.