ಸೋಡಾದ ಎವಾರಿಸ್ತೊ ಮತ್ತು ಅವನ ತೊರ್ಕಾಸಾ

ನನ್ನ ತಮ್ಮ ಎವಾರಿಸ್ತೊ ತೀರಿಕೊಂಡಾಗ ಬ್ಯೂನಸ್ ಐರಿಸಿನ ಲುಗಾನೊ ಬಡಾವಣೆಯ ಅರ್ಧ ಜನ ನಮ್ಮ ಅಂಗಳದಲ್ಲಿ ಕೂತಿದ್ದರು. ನಾನು ಕೊಟ್ಟ ಕಾಫಿ ಕುಡಿಯುತ್ತಲೇ ಎಲ್ಲರ ಬಾಯಲ್ಲೂ ಒಂದೇ ಮಾತು. ಒಳ್ಳೆಯವನಪ್ಪಾ, ಆದರೆ ಸ್ವಲ್ಪ ವಿಚಿತ್ರ. ಕುದುರೆಗಾಡಿ ಮಾರಿ, ಕೊನೆಯವರೆಗೂ ತಳ್ಳುಗಾಡಿಯಲ್ಲೇ ಸೋಡಾ ಹಾಕಿದ. ಅಂಗಡಿಯ ರೇಡಿಯೋದಲ್ಲಿ ಕಾರು ಓಟದ ಸುದ್ದಿ ಬಂದರೆ ಕೈಯಲ್ಲಿದ್ದ ವೈನನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದ. ವಿಚಿತ್ರವಂತೆ! ಇವರ ಬಾಯಿಗಿಷ್ಟು ಮಣ್ಣು ಹಾಕ. ಆ ಕಾರು ಓಟದ ಭಾನುವಾರ ಇವರೆಲ್ಲ ಗ್ಯಾಲರಿಯಲ್ಲಿ ಕೂತು ಗಂಟಲು ಹರಿದುಕೊಳ್ಳುತ್ತಿದ್ದರು. ನಾನು ಕೆಳಗೆ ಅವನ ಪಕ್ಕದಲ್ಲೇ ನಿಂತಿದ್ದೆ.

ನಮ್ಮಪ್ಪನದೂ ಮನೆಮನೆಗೆ ಸೋಡಾ ಹಾಕುವ ಕೆಲಸವೇ. ಅಪ್ಪ ಹೋದ ಮೇಲೆ ಗಾಡಿ ಎವಾರಿಸ್ತೊನಿಗೆ ಬಂತು. ಪೆಟ್ಟಿಗೆ ಹೊತ್ತು ಹೊತ್ತು ಅವನ ಒಂದು ಭುಜ ಇಳಿದೇ ಹೋಗಿತ್ತು. ಮದುವೆ ಗಿದುವೆ ಎಂದರೆ ನಗುತ್ತಿದ್ದ. ತೊರ್ಕಾಸಾ ಎಂಬ ಬೂದು ಬಣ್ಣದ ಹೆಣ್ಣು ಕುದುರೆಯೇ ಅವನ ಸಂಸಾರ. ಬೇಸಗೆಯಲ್ಲಿ ಅದಕ್ಕೆ ಕಿವಿಗೆ ತೂತು ಮಾಡಿದ ಹುಲ್ಲಿನ ಟೋಪಿ ಹಾಕುತ್ತಿದ್ದ. ದಾರಿಯುದ್ದಕ್ಕೂ ಅದರ ಜೊತೆ ಮಾತು. ಯಾರ ಮನೆಯಲ್ಲಿ ಜಗಳ, ಯಾರ ಮಗಳು ಬಸುರಿ, ಎಲ್ಲವನ್ನೂ ನನಗಿಂತ ಮೊದಲು ಕುದುರೆಗೆ ಹೇಳುತ್ತಿದ್ದ. ನನಗೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಸೋಡಾದವನಿಗೆ ಒಂದು ಕಟ್ಟುಪಾಡಿದೆ. ತುಂಬಿದ ಸೀಸೆ ಕೊಟ್ಟ ಕಡೆ ಖಾಲಿ ಸೀಸೆ ತೆಗೆದುಕೊಳ್ಳದೆ ಕಾಲು ಕೀಳಬಾರದು. ದಪ್ಪ ಗಾಜು, ಮೇಲೆ ಒತ್ತಿದರೆ ಸೋಡಾ ಚಿಮ್ಮುವ ಲೋಹದ ತಲೆ. ಒಳಗಿನ ಸೋಡಾಕ್ಕಿಂತ ಸೀಸೆಯೇ ದುಬಾರಿ. ಸಾವಿನ ಮನೆಗೆ ಹೋದರೂ ಎವಾರಿಸ್ತೊ ಮೊದಲು ಹೆಣಕ್ಕೆ ಕೈಮುಗಿದು, ಆಮೇಲೆ ಅಡುಗೆಮನೆಗೆ ಹೋಗಿ ಖಾಲಿ ಸೀಸೆ ಎತ್ತಿಕೊಂಡೇ ಬರುತ್ತಿದ್ದ.

ಆ ವರ್ಷದ ಜನವರಿ, ನಮ್ಮ ಕಡೆ ನಡುಬೇಸಗೆ, ಬ್ಯೂನಸ್ ಐರಿಸನ್ನು ಸುಟ್ಟು ಹಾಕಿತ್ತು. ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಂಥದ್ದರಲ್ಲಿ ಯುರೋಪಿನಿಂದ ಕಾರುಗಳು ಬಂದವು, ಗ್ರ್ಯಾಂಡ್ ಪ್ರೀ ಓಟ. ಅದೂ ಮಧ್ಯಾಹ್ನ! ಓಟದವರಿಗೆ ಸೋಡಾ ತರಬೇಕಿದ್ದ ಲಾರಿ ಬೆಳಿಗ್ಗೆ ಕೆಟ್ಟು ನಿಂತಿತಂತೆ. ಹತ್ತಿರದಲ್ಲಿದ್ದ ಗಾಡಿ ನಮ್ಮದು. ಎವಾರಿಸ್ತೊನಿಗೆ ಆಗ ಕಾರುಗಳೆಂದರೆ ಹುಚ್ಚು. ಹೇಳಿ ಕಳಿಸಿದ್ದೇ ತಡ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಟೈ ಕಟ್ಟಿಕೊಂಡ.

“ಟೈ ಯಾಕೋ? ನೀನೇನು ಕಾರು ಓಡಿಸ್ತೀಯಾ?” ಎಂದೆ.

“ನೀನೂ ಬಾರೇ ಅಕ್ಕಾ. ಅಷ್ಟ್ ಹತ್ರದಿಂದ ಇನ್ಯಾವಾಗ ನೋಡ್ತೀಯ?”

ಹೋದೆ. ಓಡುವ ದಾರಿಯನ್ನು ದಾಟಿ, ಅದರ ಒಳಮೈದಾನಕ್ಕೆ ಗಾಡಿ ಬಿಟ್ಟರು. ಕಾರುಗಳು ಬಂದು ಟೈರು, ಪೆಟ್ರೋಲು ಹಾಕಿಸಿಕೊಳ್ಳುವ ಸಾಲು ಅಲ್ಲೇ. ಸೀಸೆ ಇಳಿಸಿದ್ದಾಯಿತು. ಓಟ ಶುರುವಾದರೆ ಸುತ್ತ ಕಾರುಗಳೇ. ಮುಗಿಯುವ ತನಕ ಒಳಗಿನವರು ಹೊರಗೆ ಹೋಗುವಂತಿಲ್ಲ. ಗೇಟಿನ ಪೊಲೀಸಿನವ ಮೊದಲೇ ಕೂಗಿ ಹೇಳಿದ.

“ಹೊರಡೋ ಮಾರಾಯ, ಬಾಗಿಲು ಹಾಕ್ತಾರೆ,” ಎಂದೆ.

“ಖಾಲಿ ಸೀಸೆ ಬಿಟ್ಟು ಹೋಗೋದಾ? ಅಪ್ಪ ಗೋರಿಯಿಂದ ಎದ್ದು ಬರ್ತಾನೆ.”

“ಬರ್ಲಿ ಬಿಡು, ಅವನಿಗೂ ಒಂದು ಸೋಡಾ ಕೊಡು.”

ನಗುತ್ತ ನಿಂತ. ಗೇಟು ಬಿತ್ತು, ಓಟದ ಬಾವುಟ ಬಿತ್ತು.

ಆಮೇಲಿನದ್ದನ್ನು ಏನೆಂದು ಹೇಳಲಿ? ಸುಟ್ಟ ಎಣ್ಣೆಯ ನಾತ, ಬಿಸಿಲಲ್ಲಿ ಬಿಚ್ಚಿಟ್ಟ ಸಾಸೇಜಿನ ನಾತ, ಗ್ಯಾಲರಿಯ ಕೆಳಗೆ ವಾಂತಿ ಮಾಡಿಕೊಂಡವರ ನಾತ. ಚಪ್ಪರದಡಿ ದೊಡ್ಡ ಮನುಷ್ಯರು ಕಲ್ಲಂಗಡಿ ತಿಂದು ಬೀಜ ಉಗುಳುತ್ತಿದ್ದರು. ಸ್ವಲ್ಪ ಹೊತ್ತಿಗೇ ಕಾರುಗಳು ಒಂದೊಂದಾಗಿ ಪಕ್ಕಕ್ಕೆ ಬಂದು ನಿಲ್ಲತೊಡಗಿದವು. ಕಾರಿಗೇನೂ ಆಗಿರಲಿಲ್ಲ, ಓಡಿಸುವವರು ಬೇಯುತ್ತಿದ್ದರು. ಒಬ್ಬನನ್ನು ಕಂಕುಳಿಗೆ ಕೈಹಾಕಿ ಎಳೆದು ಹಾಕಿ, ಅವನ ಬೆವರು ಆರುವ ಮೊದಲೇ ಅದೇ ಸೀಟಿಗೆ ಇನ್ನೊಬ್ಬನನ್ನು ತುರುಕುತ್ತಿದ್ದರು. ಆಗಿನ ಕಾಯಿದೆಯೇ ಹಾಗಿತ್ತು. ಕಾರು ನಿಲ್ಲಬಾರದು, ಮನುಷ್ಯ ಯಾರಾದರೂ ಆದೀತು. ಥೂ!

ನಮ್ಮ ಸೀಸೆಗಳೆಲ್ಲ ಅವರ ತಲೆಗೆ, ಕತ್ತಿಗೆ, ಬೂಟಿನೊಳಗೆ ಚಿಮ್ಮಿ ಮುಗಿದವು. ಅಲ್ಲಿದ್ದ ಒಂದೇ ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ತೊರ್ಕಾಸಾಗೆ ನೆರಳೆಂದರೆ ಗಾಡಿಯ ನೆರಳು. ಅದು ಅದರ ಕಾಲಿಗೂ ಸಾಲದು. ಎವಾರಿಸ್ತೊ ಅದನ್ನು ಗಾಡಿಯ ಮೂಕಿಯಿಂದ ಬಿಚ್ಚಿ, ಒದ್ದೆ ಗೋಣಿ ಹೊದಿಸಿ, ತನ್ನ ಇಸ್ತ್ರಿ ಅಂಗಿಯನ್ನೇ ಬಿಚ್ಚಿ ಗಾಳಿ ಬೀಸಿದ. ಗೋಣಿ ನೋಡನೋಡುತ್ತಲೇ ಒಣಗಿತು. ಅದರ ಮೈ ಮುಟ್ಟಿ ನೋಡಿದವನ ಮುಖ ಕಪ್ಪಿಟ್ಟಿತು.

“ಅಕ್ಕಾ, ಬೆವರು ನಿಂತೋಯ್ತು.”

“ನಿಂತ್ರೆ ಒಳ್ಳೇದಲ್ವೇನೋ?”

“ಅಲ್ಲ. ಕುದುರೆ ಬೆವರೋದು ನಿಲ್ಲಿಸ್ತು ಅಂದ್ರೆ ಮುಗೀತು. ಈಗ್ಲೇ ನೀರು ಹಾಕ್ಬೇಕು.”

ಅದಕ್ಕೆಂದೇ ಒಂದು ಪೆಟ್ಟಿಗೆ ಸೀಸೆಯನ್ನು ಅವನು ಸೀಟಿನಡಿ ಮುಚ್ಚಿಟ್ಟಿದ್ದ. ಎಲ್ಲವನ್ನೂ ಬಕೆಟ್ಟಿಗೆ ಚಿಮ್ಮಿಸಿದ. ಗ್ಯಾಸು ಮೂಗಿಗೆ ಹತ್ತಿದರೆ ತೊರ್ಕಾಸಾ ಸೀನಿ ಬಕೆಟ್ಟು ಒದೆಯುತ್ತದೆ. ಅದಕ್ಕೆ ಅಂಗೈಯಿಂದ ಬಡಿದು ಬಡಿದು ಗುಳ್ಳೆ ಹೋಗಿಸುತ್ತಿದ್ದ. ಅಷ್ಟರಲ್ಲಿ ಬಂದರು.

ಇಬ್ಬರು ಮೆಕ್ಯಾನಿಕ್ಕುಗಳು ಒಬ್ಬನನ್ನು ಎತ್ತಿ ತಂದು ನಮ್ಮ ಗಾಡಿಯ ನೆರಳಿಗೆ ಹಾಕಿದರು. ರೆಂಜೊ ಎಂಬ ಇಟಲಿಯ ಹುಡುಗ, ಪತ್ರಿಕೆಯಲ್ಲಿ ಫೋಟೊ ನೋಡಿದ್ದೆ. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ತುಟಿ ಸುಣ್ಣ ಬಳಿದಂತಿತ್ತು. ಹಿಂದೆಯೇ ಅವನ ತಂಡದ ಯಜಮಾನ ಫೊರ್ತುನಾತಿ, ಬಿಳಿ ಪ್ಯಾಂಟು, ಬೆರಳಿಗೆ ಉಂಗುರ.

“ಏ ಸೋಡಾ! ಆ ಬಕೆಟ್ಟು ಇತ್ಲಾಗೆ ಕೊಡು!”

“ಕೊಡ್ಬೇಡ ಕಣೋ,” ಎಂದೆ ನಾನು. ಹೌದು, ಎಂದೆ. ನನಗೆ ಆ ಉಂಗುರದವನ ಮುಖ ಕಂಡರೇ ಮೈಯುರಿಯುತ್ತಿತ್ತು.

ಎವಾರಿಸ್ತೊ ಬಗ್ಗಿ ಹುಡುಗನ ಕತ್ತು ಮುಟ್ಟಿದ. ಮರದ ತೊಗಟೆಯ ಹಾಗೆ ಒಣಗಿತ್ತು. ಒಮ್ಮೆ ತೊರ್ಕಾಸಾಳ ಕಡೆ ನೋಡಿದ. ಅದು ಬಕೆಟ್ಟಿನ ವಾಸನೆಗೆ ಮೂಗು ಚಾಚಿ ನಿಂತಿತ್ತು.

“ಇವನಿಗೂ ಬೆವರು ನಿಂತಿದೆ ಅಕ್ಕಾ. ಸಾಯ್ತಾ ಇದ್ದಾನೆ. ಮನುಷ್ಯ ಅಲ್ವೇನೇ.”

ಬಕೆಟ್ಟು ಎತ್ತಿ ಕೊಟ್ಟ. “ಅರ್ಧ ಉಳ್ಸಿ ಸ್ವಾಮಿ, ಕುದುರೆಗೆ ಬೇಕು,” ಎಂದ. ಫೊರ್ತುನಾತಿ ಹುಡುಗನ ಬಾಯಿಗೆ ನಾಲ್ಕು ಗುಟುಕು ಹಾಕಿ, ಮಿಕ್ಕಿದ್ದನ್ನೆಲ್ಲ ತಲೆಯಿಂದ ಕಾಲಿನವರೆಗೆ ಸುರಿದು, ಬಕೆಟ್ಟನ್ನು ಅತ್ತ ಎಸೆದ. ನೆಲ ಹೀರಿಕೊಂಡಿತು. ತೊರ್ಕಾಸಾ ಮುಂದೆ ಬಂದು ಆ ಒದ್ದೆ ಮಣ್ಣನ್ನು ನೆಕ್ಕಿತು. ನಾನು ನನ್ನ ಕಣ್ಣಾರೆ ನೋಡಿದೆ.

ಹುಡುಗ ಬದುಕಿದ. ಕೆಮ್ಮಿದ, ನರಳಿದ, ಎದ್ದು ಕೂತ. ಎವಾರಿಸ್ತೊ ಶಿಲುಬೆಯ ಗುರುತು ಹಾಕಿಕೊಂಡ. ಹೋಗಲಿ, ಒಂದು ಜೀವ ಉಳಿಯಿತಲ್ಲ ಎಂದು ನನಗೂ ಅನಿಸಿತು. ಅಷ್ಟರಲ್ಲಿ ಅವರ ಕಾರು ಮತ್ತೆ ಬಂದು ನಿಂತಿತು. ಈ ಸಲ ಬಿದ್ದವನು ರೆಂಜೊನ ಬದಲಿಗೆ ಹೋಗಿದ್ದವನು. ಫೊರ್ತುನಾತಿ ಓಡಿ ಬಂದ. ರೆಂಜೊನ ಕೆನ್ನೆಗೆ ಪಟಪಟನೆ ಬಾರಿಸಿ, “ಏಳು, ಏಳು ರಾಜಾ, ಮೂರನೇ ಜಾಗ ನಮ್ದೇ!” ಎನ್ನುತ್ತ ಎಬ್ಬಿಸಿದ. ಹುಡುಗನ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಇಬ್ಬರು ಹೊತ್ತುಕೊಂಡು ಹೋದರು.

ಎವಾರಿಸ್ತೊ ಅಡ್ಡ ನಿಂತ. “ಸ್ವಾಮಿ, ಸಾಯ್ತಾನೆ ಅಂತ ನೀರು ಕೊಟ್ಟೆ. ಮತ್ತೆ ಅದ್ರಲ್ಲೇ ಕೂರಿಸ್ತೀರಾ?”

“ನಿನ್ ಸೋಡಾ ಭಾರೀ ಚೆನ್ನಾಗಿದೆ ಕಣಯ್ಯಾ! ಹೆಣಾನೂ ಎದ್ದು ಕೂರುತ್ತೆ!” ಎಂದು ಅವನ ಭುಜ ತಟ್ಟಿ, ನಕ್ಕು, ಪಕ್ಕಕ್ಕೆ ಸರಿಸಿದ. ಕಾರು ಹೊರಟಿತು. ಗ್ಯಾಲರಿಯಲ್ಲಿ ನಮ್ಮ ಬಡಾವಣೆಯವರೆಲ್ಲ ಎದ್ದು ನಿಂತು ಹೋ ಎಂದರು. ಆ ಹುಡುಗ ಗಂಡುಗಲಿಯಂತೆ!

ಎವಾರಿಸ್ತೊ ಗೇಟಿಗೆ ಓಡಿದ. “ಕುದುರೆ ಸಾಯ್ತಿದೆ, ಒಂದೇ ನಿಮಿಷ ದಾಟಿಸ್ಬಿಡಿ,” ಎಂದು ಪೊಲೀಸಿನವನ ಕೈ ಹಿಡಿದ. “ಕಾರಿನ ಕೆಳಗೆ ಸಾಯೋಕೆ ಆಸೇನಾ?” ಎಂದ ಆತ. ಅವನದೂ ತಪ್ಪಿರಲಿಲ್ಲವೇನೋ. ಟೈರು, ಪೆಟ್ರೋಲಿನ ಸಾಲಿನಲ್ಲಿ ಒಬ್ಬೊಬ್ಬರನ್ನೂ ನೀರಿಗಾಗಿ ಬೇಡಿದ. ಟೈ ಕಟ್ಟಿದ ಬರಿಮೈಯಲ್ಲಿ ಬಕೆಟ್ಟು ಹಿಡಿದು ಬೇಡುವವನನ್ನು ಕಂಡು ಜನ ನಕ್ಕರು. ಒಬ್ಬಾತ ಕಲ್ಲಂಗಡಿ ಸಿಪ್ಪೆ ಹಾಕಿದ. ಅದನ್ನೇ ತಂದು ತಿನ್ನಿಸಲು ನೋಡಿದ. ತೊರ್ಕಾಸಾಳ ನಾಲಿಗೆ ಆಗಲೇ ತಿರುಗುತ್ತಿರಲಿಲ್ಲ. ಮೊದಲು ಮುಂಗಾಲು ಮಡಿಸಿತು, ಆಮೇಲೆ ಒಂದು ಪಕ್ಕಕ್ಕೆ ಒರಗಿತು. ಅವನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಹೇಳುತ್ತಲೇ ಇದ್ದ. ಕಾರುಗಳ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಅದು ಸತ್ತ ಮೇಲೂ ಓಟ ನಡೆದೇ ಇತ್ತು. ಚಪ್ಪರದವರು ಇಬ್ಬರನ್ನು ಕಳಿಸಿದರು. ಫೋಟೊದಲ್ಲಿ ಕುದುರೆ ಕಾಣಬಾರದಂತೆ, ಟೈರಿನ ಜಾಹೀರಾತಿನ ಬಟ್ಟೆ ಹೊದಿಸಬೇಕಂತೆ. ನಾನು ಆ ಬಟ್ಟೆ ಕಿತ್ತು ಅವರ ಮುಖಕ್ಕೇ ಎಸೆದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಆ ಪಾಪವನ್ನು ನಾನು ಯಾವ ಪಾದ್ರಿಯ ಮುಂದೂ ಹೇಳಿಕೊಂಡಿಲ್ಲ, ಹೇಳುವುದೂ ಇಲ್ಲ.

ಕೊನೆಗೆ ಓಟ ಮುಗಿಯಿತು. ಫೊರ್ತುನಾತಿಯ ಕಾರು ಮೂರನೆಯದು. ರೆಂಜೊನನ್ನು ಇಬ್ಬರು ಆನಿಸಿಕೊಂಡು ವೇದಿಕೆಯ ಕಡೆ ನಡೆಸುತ್ತಿದ್ದರು. ಅಂಗೈಯ ಚರ್ಮ ಸುಲಿದಿತ್ತು, ಬಿಸಿ ಕೊಳವೆ ತಗಲಿ ಒಂದು ಮೊಣಕಾಲು ಬೊಬ್ಬೆಯೆದ್ದಿತ್ತು. ನಮ್ಮ ಗಾಡಿಯ ಹತ್ತಿರ ಬಂದವನು ನಿಂತುಬಿಟ್ಟ. ಹಿಡಿದವರ ಕೈ ಬಿಡಿಸಿಕೊಂಡು ಕುದುರೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ನಮ್ಮಜ್ಜಿ ಇಟಲಿಯ ಜಿನೋವಾದವಳು, ಅವನ ಮಾತು ನಮಗೆ ತಿಳಿಯುತ್ತಿತ್ತು.

“ನಮ್ಮಪ್ಪಾನೂ ಗಾಡಿ ಹೊಡೀತಿದ್ರು,” ಎಂದ. ನಮ್ಮಿಬ್ಬರ ಮುಖವನ್ನೂ ನೋಡಿದ. ಗುರುತೇ ಇರಲಿಲ್ಲ. ಬಕೆಟ್ಟಾಗಲಿ, ಬಿದ್ದದ್ದಾಗಲಿ, ಮತ್ತೆ ಕಾರು ಹತ್ತಿದ್ದಾಗಲಿ, ಒಂದೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಸುಲಿದ ಕೈಯಿಂದ ತೊರ್ಕಾಸಾಳ ಕತ್ತು ಸವರುತ್ತ ಎವಾರಿಸ್ತೊನನ್ನು ಕೇಳಿದ.

“ಇಷ್ಟು ಜನ ಇದ್ರಲ್ಲ ಅಣ್ಣಾ. ಯಾರೂ ಇದಕ್ಕೆ ಒಂದಿಷ್ಟು ನೀರು ಕೊಡ್ಲಿಲ್ವಾ?”

ನಾನು ಬಾಯಿ ತೆರೆದೆ. ತಮ್ಮ ನನ್ನ ಮಣಿಕಟ್ಟನ್ನು ನೋವಾಗುವ ಹಾಗೆ ಹಿಡಿದುಕೊಂಡ.

“ನೀರಿರ್ಲಿಲ್ಲಪ್ಪಾ,” ಎಂದ ಎವಾರಿಸ್ತೊ.