ಎದ್ದು ಹೊರಗೆ ಬಂದವರು

ನಮ್ಮ ಅತ್ತಿಗೆ ಸಿಟಿ ಬಸ್ಸಿನ ಡ್ರೈವರ್. ಅಣ್ಣನ ಹೆಂಡತಿಯಾದರೂ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನದ ಗೊಡವೆ ಇಲ್ಲ. ಇಂಥವಳು ದೇಶದ ಕಲಾನಿಧಿ ಮಂಡಳಿಯ ಸದಸ್ಯೆ ಎಂದರೆ ಇವತ್ತಿಗೂ ಜನ ನನ್ನ ಮುಖ ನೋಡುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಾಯಿಲ್ಲ, ಯಾಕೆಂದರೆ ಮೊದಲು ನಾನೇ ನಂಬಿರಲಿಲ್ಲ.

ನಾಟಕ, ಸಂಗೀತ, ಚಿತ್ರ, ನೃತ್ಯ ಅಂತ ದೇಶದಲ್ಲಿ ಏನೇನು ನಡೆಯುತ್ತದೋ ಅದರಲ್ಲಿ ಯಾವುದಕ್ಕೆ ಸರ್ಕಾರದ ನೆರವು ಸಿಗಬೇಕು ಎಂದು ತೀರ್ಮಾನ ಮಾಡುವುದು ಈ ಮಂಡಳಿ. ಒಟ್ಟು ಒಂಬತ್ತು ಜನ. ಎಂಟು ಜನ ಹೆಸರು ಮಾಡಿದವರು. ಒಂಬತ್ತನೆಯದು ಪ್ರೇಕ್ಷಕರ ಸ್ಥಾನ. ಅಲ್ಲಿ ಕೂರುವವರು ಕಲಾವಿದರೂ ಆಗಿರಬಾರದು, ಅಧಿಕಾರಿಗಳೂ ಆಗಿರಬಾರದು. ಟಿಕೆಟ್ ಕೊಂಡು ಆಟ ನೋಡುವ ಚಟ ಮಾತ್ರ ಇರಬೇಕು. ಆ ಚಟ ನಮ್ಮ ಅತ್ತಿಗೆಗೆ ಎಷ್ಟಿದೆ ಅಂದರೆ, ರಜೆಯ ದಿನ ಅವಳನ್ನು ಹುಡುಕಬೇಕಾದರೆ ಮನೆಗೆ ಬರಬೇಡಿ, ಯಾವುದಾದರೂ ರಂಗಮಂದಿರಕ್ಕೆ ಹೋಗಿ.

ಅವಳು ಅಲ್ಲಿಗೆ ಸೇರಿದ್ದೂ ಒಂದು ಮಜಾ. ಜನ ನಾಟಕಕ್ಕೆ ಯಾಕೆ ಬರುತ್ತಿಲ್ಲ ಎಂದು ಚರ್ಚಿಸಲು ಮಂಡಳಿ ಒಂದು ಸಭೆ ಕರೆದಿತ್ತು. ದೊಡ್ಡ ದೊಡ್ಡವರು ಎದ್ದು ಅಭಿರುಚಿ ಕೆಟ್ಟಿತು, ಕಾಲ ಕೆಟ್ಟಿತು ಎಂದು ಗೋಳಾಡಿದರು. ಅತ್ತಿಗೆ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಹಿಂದೆ ಕೂತಿದ್ದವಳು ಎದ್ದುನಿಂತಳು.

"ಜನ ಬರ್ತಾರೆ ಸಾರ್. ನಾನೇ ಕರ್ಕೊಂಡು ಬರ್ತೀನಿ. ಆದ್ರೆ ನಿಮ್ಮ ನಾಯಕ ಸಾಯೋ ಹೊತ್ತಿಗೇ ಸರಿಯಾಗಿ ಕೊನೇ ಬಸ್ಸು ಹೊರಡತ್ತೆ. ಅವನು ಅರ್ಧ ಗಂಟೆ ಮುಂಚೆ ಸತ್ರೆ ಎಲ್ರಿಗೂ ಅನುಕೂಲ."

ಸಭೆ ಗೊಳ್ಳೆಂದಿತು. ಮಂಡಳಿಯ ಅಧ್ಯಕ್ಷೆ, ಬೆಳ್ಳಿಗೂದಲಿನ ಹಿರಿಯ ನಟಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಆ ವರ್ಷ ಪ್ರೇಕ್ಷಕರ ಸ್ಥಾನ ಖಾಲಿಯಾದಾಗ ಅವರಿಗೆ ಮೊದಲು ನೆನಪಾದದ್ದು ಇವಳೇ.

ಮೊದಮೊದಲು ಅತ್ತಿಗೆ ಅಲ್ಲಿ ತುಟಿ ಪಿಟಿಕ್ಕೆನ್ನಲಿಲ್ಲ. ಮಾತಾಡುವ ಮುಂಚೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುವುದು ಅವಳ ಅಭ್ಯಾಸ, ಬಸ್ಸಿನ ಕನ್ನಡಿ ನೋಡಿ ನೋಡಿ ಬಂದದ್ದು. ಅವಳು ಎರಡೂ ಕಡೆ ನೋಡಿ ಮುಗಿಸುವಷ್ಟರಲ್ಲಿ ಚರ್ಚೆ ಮುಂದಿನ ವಿಷಯಕ್ಕೆ ಹೋಗಿರುತ್ತಿತ್ತು. ಒಂದು ದಿನ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದಾಗ ಅವಳಿಗೆ ತಲೆ ಕೆಟ್ಟು, "ಇಳಿಯೋರು ಮೊದ್ಲು ಇಳೀಲಿ, ಆಮೇಲೆ ಹತ್ತಿ" ಅಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಈಗ ಅಧ್ಯಕ್ಷೆಯೇ ಗದ್ದಲವಾದಾಗಲೆಲ್ಲ ಆ ಮಾತನ್ನು ಹೇಳುತ್ತಾರೆ.

ಇನ್ನು ನನ್ನ ಅಣ್ಣನ ವಿಷಯ. ನಾಟಕದಲ್ಲಿ ಗುಡುಗು ಬರುತ್ತದಲ್ಲ, ಆ ಗುಡುಗು ಅವನೇ. ಪರದೆಯ ಹಿಂದೆ ನಿಂತು ತಗಡಿನ ಹಾಳೆ ಅಲ್ಲಾಡಿಸಿದರೆ ಗುಡುಗು, ಮೊರದಲ್ಲಿ ಒಣ ಬಟಾಣಿ ಉರುಳಿಸಿದರೆ ಸಮುದ್ರ, ಕರಟ ಕುಟ್ಟಿದರೆ ಕುದುರೆ. ರೇಡಿಯೋ ನಾಟಕಕ್ಕೆ, ರಂಗಭೂಮಿಗೆ, ಸಿನಿಮಾಕ್ಕೆ ಅವನು ಮಾಡದ ಸದ್ದಿಲ್ಲ. ಹಳೆಯ ಥಿಯೇಟರಿನ ನೆಲಮಾಳಿಗೆಯಲ್ಲಿ ಅವನ ಕೊಠಡಿ. ಮರದ ಬಾಗಿಲುಗಳು, ತುಕ್ಕು ಹಿಡಿದ ಬೀಗಗಳು, ಕೀರಲು ಕುರ್ಚಿಗಳು, ನೂರಾರು ಜೊತೆ ಹಳೇ ಚಪ್ಪಲಿಗಳು ಅಲ್ಲಿ ತುಂಬಿವೆ. ಅವನ ಹತ್ತಿರ ಕಲಿಯಲು ಬರುವವರಿಗೆ ಅವನು ಹೇಳುವ ಮೊದಲ ಪಾಠ, ದುಃಖದಲ್ಲಿರುವ ಹೆಂಗಸು ಬಾಗಿಲು ಹಾಕುವುದಕ್ಕೂ ಕೋಪದಲ್ಲಿರುವ ಹೆಂಗಸು ಹಾಕುವುದಕ್ಕೂ ಇರುವ ವ್ಯತ್ಯಾಸ. ಎರಡನೆಯದನ್ನು ಅವನು ಕಲಿತದ್ದು ನನ್ನಿಂದ ಅಂತ ಎಲ್ಲರ ಮುಂದೆಯೂ ಹೇಳುತ್ತಾನೆ.

ಈ ಥಿಯೇಟರನ್ನು ಮಾರಿಬಿಟ್ಟರು. ಹೊಸ ಯಜಮಾನರು ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುತ್ತಾರಂತೆ. ಬೇಸಿಗೆ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಅಣ್ಣ ಬೇರೆ ಕಡೆ ಒಂದು ದೊಡ್ಡ ಕೊಠಡಿ ನೋಡಿಟ್ಟಿದ್ದ, ಆದರೆ ಮಂಡಳಿಯ ನೆರವಿಲ್ಲದೆ ಅದು ಆಗುವ ಮಾತಲ್ಲ. ನೆರವು ಬಾರದಿದ್ದರೆ ಅವನ ಸಮುದ್ರ, ಗುಡುಗು, ಕುದುರೆಗಳೆಲ್ಲ ಗುಜರಿ ಅಂಗಡಿಗೆ.

"ಅರ್ಜಿ ಹಾಕೋ" ಅಂದೆ.

"ಹೆಂಡ್ತಿ ಮಂಡಳೀಲಿ ಕೂತಿರೋವಾಗ ಗಂಡ ಕೈ ಚಾಚೋದಾ? ಜನ ಏನಂದ್ಕೋತಾರೆ?"

"ಹಾಗಾದ್ರೆ ನಾನು ರಾಜೀನಾಮೆ ಕೊಡ್ತೀನಿ ರೀ" ಅಂದಳು ಅತ್ತಿಗೆ.

"ಕೊಟ್ರೆ ನಾನು ಅರ್ಜೀನೇ ಹಾಕಲ್ಲ ನೋಡು" ಅಂದ ಅಣ್ಣ. "ಅಲ್ಲದೆ ನನ್ನಂಥೋನಿಗೆ ಯಾರು ಕೊಡ್ತಾರೆ? ಪರದೆ ಹಿಂದೆ ನಿಂತೋನು ನಾನು. ನನ್ನ ಮುಖ ಯಾರಿಗೆ ಗೊತ್ತು?"

ಇಬ್ಬರೂ ಪಟ್ಟು ಬಿಡದೆ ಕೂತರು. ನನಗೆ ರೇಗಿಹೋಯಿತು. ನಿಮ್ಮಿಬ್ಬರ ಮರ್ಯಾದೆ ಕಟ್ಟಿಕೊಂಡು ಏನು ಮಾಡಲಿ, ಆ ಚಪ್ಪಲಿಗಳನ್ನು ನನ್ನ ರೂಮಿಗೆ ತಂದು ಸುರಿದರೆ ಇಬ್ಬರನ್ನೂ ಆಚೆ ಹಾಕುತ್ತೇನೆ ಅಂದೆ. ಕೊನೆಗೆ ಮಂಡಳಿಯ ಕಾರ್ಯದರ್ಶಿಯನ್ನೇ ಕೇಳಿದ್ದಾಯಿತು. ಅರ್ಜಿ ಹಾಕಬಹುದು, ಆದರೆ ಅದು ಚರ್ಚೆಗೆ ಬಂದಾಗ ನಂಟಿರುವ ಸದಸ್ಯರು ಎದ್ದು ಹೊರಗೆ ಹೋಗಬೇಕು, ಒಂದಕ್ಷರ ಮಾತಾಡಬಾರದು, ಇಷ್ಟೇ ನಿಯಮ ಎಂದರು. ಅಣ್ಣ ಮೂಗು ಮುರಿಯುತ್ತಲೇ ಸಹಿ ಹಾಕಿದ.

ಸಭೆಯ ದಿನ ಬಂತು. ದೊಡ್ಡ ಬಸ್ಸನ್ನು ಸಂದಿಯಲ್ಲಿ ತಿರುಗಿಸುವ ಅತ್ತಿಗೆ ಮನೆಯ ಬೀಗ ಹಾಕಲು ಒದ್ದಾಡಿದಳು. ಅದಕ್ಕೇ ನಾನೂ ಹೊರಟೆ. ಮಂಡಳಿಯ ಕಚೇರಿಯಲ್ಲಿ ಸಭೆಯ ಕೋಣೆಯ ಎದುರಿಗೆ ಉದ್ದನೆಯ ಮೊಗಸಾಲೆ, ಒಂದು ಬೆಂಚು, ನೀರಿನ ಕ್ಯಾನು. ನಾನು ಬೆಂಚಿನ ಮೇಲೆ ಬ್ಯಾಗು ಹಿಡಿದು ಕೂತೆ. ಅತ್ತಿಗೆ ಒಳಗೆ ಹೋದಳು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಬಾಗಿಲು ತೆರೆಯಿತು. ಅತ್ತಿಗೆ ಬಂದು ನನ್ನ ಪಕ್ಕ ಕೂತಳು.

"ಶುರುವಾಯ್ತು" ಅಂದಳು.

ಅವಳ ಕೈ ಹಿಡಿದುಕೊಂಡೆ. ಕೂತು ಉಸಿರು ಬಿಡುವಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ನೃತ್ಯದ ಗುರು ಹೊರಗೆ ಬಂದರು, ತೆಳ್ಳಗೆ ನೆಟ್ಟಗಿನ ಹೆಂಗಸು. ಬಂದವರೇ ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ಹಿಂದೆಯೇ ಗಡ್ಡದ ಕಾದಂಬರಿಕಾರರು ಬಂದರು. ಆಮೇಲೆ ಕೋಟು ತೊಟ್ಟ ಬ್ಯಾಂಕಿನ ಸಾಹೇಬರು. ಮಂಡಳಿಯ ಲೆಕ್ಕಪತ್ರ ನೋಡಿಕೊಳ್ಳುವ ಸದಸ್ಯರು ಅವರೇ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನನ್ನ ಮೈ ಉರಿಯಿತು. ಇವರೆಲ್ಲ ಸಭಾತ್ಯಾಗ ಮಾಡಿದ್ದಾರೆ, ಬಸ್ ಡ್ರೈವರಿನ ಗಂಡನಿಗೆ ಯಾಕೆ ಕೊಡಬೇಕು ಅಂತ ಎದ್ದು ಬಂದಿದ್ದಾರೆ ಅಂದುಕೊಂಡೆ. ಬ್ಯಾಗನ್ನು ಬೆಂಚಿನ ಮೇಲಿಟ್ಟು ಸೀದಾ ಬ್ಯಾಂಕಿನವರ ಎದುರಿಗೆ ಹೋಗಿ ನಿಂತೆ.

"ಏನ್ ಸ್ವಾಮಿ, ನಮ್ಮಣ್ಣ ನಿಮಗೇನು ಅನ್ಯಾಯ ಮಾಡಿದ್ದ?"

ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ಅನ್ಯಾಯ ಅಲ್ಲಮ್ಮ. ಉಪಕಾರ. ಅದಕ್ಕೇ ಹೊರಗೆ ಬಂದೆ."

"ಅಂದ್ರೆ?"

"ಕಾಲೇಜಿನ ನಾಟಕಕ್ಕೆ ಅವರು ಗುಡುಗು ಮಾಡೋಕೆ ಬಂದಿದ್ರು. ತಗಡಿನ ಒಂದು ತುದಿ ನನ್ನ ಕೈಗೆ ಕೊಟ್ರು, ಇನ್ನೊಂದು ತುದಿ ಒಬ್ಬ ಹುಡುಗಿ ಕೈಗೆ. ಈಗ ಅವಳು ನಮ್ಮನೆಯವಳು. ನಂಟು ಇರೋರು ಏಳಬೇಕಲ್ಲ, ಎದ್ದೆ."

ಕಿಟಕಿಯ ಹತ್ತಿರ ನೃತ್ಯದ ಗುರು ತಿರುಗಿದರು.

"ನಾನು ಹೆಜ್ಜೆ ತಪ್ಪೋವಾಗೆಲ್ಲ ನಮ್ಮ ಗುರುಗಳು ಬೈತಿದ್ರು. ನಿಮ್ಮಣ್ಣ ಮಾತ್ರ ಪರದೆ ಹಿಂದೆ ಮೆಲ್ಲಗೆ ಕರಟ ಕುಟ್ಟಿ ತಾಳ ಹಿಡಿಸೋರು. ಯಾರಿಗೂ ಹೇಳಿರಲಿಲ್ಲ ನಾನು."

"ನಾನು ಅವರ ಹತ್ರ ಕುದುರೆಯಾಗಿದ್ದೆ" ಅಂದರು ಕಾದಂಬರಿಕಾರರು ಗಂಭೀರವಾಗಿ. "ರೇಡಿಯೋ ನಾಟಕದಲ್ಲಿ. ಎರಡು ವರ್ಷ ಓಡಿದ್ದೀನಿ."

ಅಷ್ಟರಲ್ಲಿ ಸಿನಿಮಾ ನಿರ್ದೇಶಕಿ ಬಂದಳು. ಅವಳ ಸಿನಿಮಾಗಳಲ್ಲಿ ಯಾರೇ ನಡೆದರೂ ಆ ಹೆಜ್ಜೆಸಪ್ಪಳ ನಮ್ಮ ಅಣ್ಣನ ಕಾಲಿನದೇ ಅಂತೆ. ಎಲ್ಲರಿಗಿಂತ ಕೊನೆಗೆ, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು, ಅಧ್ಯಕ್ಷೆಯೇ ಹೊರಗೆ ಬಂದರು. ಅವರನ್ನು ನೋಡಿ ಅತ್ತಿಗೆ ಎದ್ದುನಿಂತಳು.

"ಮೇಡಂ, ನೀವೂನಾ?"

"ನಾನು ಮೊದಲ ಸಲ ರಂಗದ ಮೇಲೆ ಮಾತು ಮರೆತಾಗ, ಅಲ್ಲಿ ಇಲ್ಲದ ಬಿರುಗಾಳೀನ ತಂದು, ನಂಗೆ ನೆನಪಾಗೋ ತನಕ ಬೀಸಿದ ಮನುಷ್ಯ ಕಣಮ್ಮ ಅವರು" ಅಂದರು ಅಧ್ಯಕ್ಷೆ. "ನಾನು ಹೇಗೆ ಒಳಗೆ ಕೂರ್ಲಿ?"

ಅತ್ತಿಗೆ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನನಗೆ ತಿಳಿಯಲಿಲ್ಲ. ನನಗಂತೂ ಹೊಟ್ಟೆಯೊಳಗಿಂದ ಸಂತೋಷ ಉಕ್ಕಿ ಬರುತ್ತಿತ್ತು. ನಮ್ಮಣ್ಣನ ಮುಖ ಯಾರಿಗೂ ಗೊತ್ತಿಲ್ಲ ಎಂದು ಅವನ ಜೊತೆ ನಾನೂ ನಂಬಿಕೊಂಡಿದ್ದೆನಲ್ಲ.

ಆದರೆ ಸಂತೋಷ ಪಡುವ ಹೊತ್ತಲ್ಲ ಅದು. ಬಾಗಿಲಿನಿಂದ ಕಾರ್ಯದರ್ಶಿ ತಲೆ ಹಾಕಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಒಳಗೆ ಮೂರೇ ಜನ ಇದ್ದಾರೆ. ಐದು ಜನ ಇಲ್ಲದೆ ತೀರ್ಮಾನ ಮಾಡೋ ಹಾಗಿಲ್ಲ. ಇದನ್ನ ಮುಂದಿನ ಸಭೆಗೆ ಹಾಕಬೇಕಾಗತ್ತೆ."

"ಅದು ಯಾವಾಗ?" ಅಂದೆ.

"ಚಳಿಗಾಲದಲ್ಲಿ."

ಅಷ್ಟೊತ್ತಿಗೆ ನೆಲಮಾಳಿಗೆಯಲ್ಲಿ ಕಾರುಗಳು ನಿಂತಿರುತ್ತವೆ. ಇಷ್ಟು ಜನ ಒಳ್ಳೆಯವರು ಸೇರಿ, ಒಳ್ಳೆಯತನದಿಂದಲೇ ಅಣ್ಣನ ಕೊಠಡಿಗೆ ಕಲ್ಲು ಹಾಕಿದ್ದರು. ಎಲ್ಲರೂ ತಪ್ಪು ಮಾಡಿದ ಶಾಲೆಯ ಮಕ್ಕಳ ಹಾಗೆ ಗೋಡೆಗೆ ಒರಗಿ ನಿಂತರು. ಅತ್ತಿಗೆ ಎಡಕ್ಕೊಮ್ಮೆ ನೋಡಿದಳು, ಬಲಕ್ಕೊಮ್ಮೆ ನೋಡಿದಳು, ಆದರೆ ತುಟಿ ಬಿಗಿಹಿಡಿದು ಸುಮ್ಮನಿದ್ದಳು. ಅವಳು ಮಾತಾಡುವ ಹಾಗಿರಲಿಲ್ಲ. ನನಗೆ ಯಾವ ನಿಯಮವೂ ಇರಲಿಲ್ಲವಲ್ಲ, ನಾನು ಕೇಳಿದೆ:

"ಅಲ್ಲ ಸಾರ್, ನಂಟು ಅಂದ್ರೆ ಏನು ಅಂತ ಯಾರಾದ್ರೂ ಓದಿ ನೋಡಿದ್ದೀರಾ?"

ಯಾರೂ ಓದಿರಲಿಲ್ಲ. ಕಾರ್ಯದರ್ಶಿ ಒಳಗೆ ಓಡಿ ನಿಯಮದ ಪುಸ್ತಕ ತಂದು ಪುಟ ತಿರುವಿದರು.

"ರಕ್ತಸಂಬಂಧ, ಮದುವೆ ಸಂಬಂಧ, ಇಲ್ಲವೇ ಕಳೆದ ಐದು ವರ್ಷಗಳಲ್ಲಿ ಹಣದ ವ್ಯವಹಾರ. ಇಷ್ಟೇ ಇರೋದು."

"ಮದುವೆ ಅಂತ ಇದೆಯಲ್ಲ" ಅಂದರು ಬ್ಯಾಂಕಿನವರು ಅಂಜುತ್ತಾ.

"ಅರ್ಜಿದಾರರ ಮನೆಗೆ ಸೇರಿದ ಮದುವೆ ಸಾರ್. ನಿಮ್ಮದಲ್ಲ."

"ಕುದುರೆ?" ಅಂದರು ಕಾದಂಬರಿಕಾರರು.

"ಕುದುರೆ ಲೆಕ್ಕಕ್ಕಿಲ್ಲ."

ಅಧ್ಯಕ್ಷೆಗೆ ತಡೆಯಲಾಗಲಿಲ್ಲ, ಗೋಡೆ ಹಿಡಿದುಕೊಂಡು ನಕ್ಕರು. ಅವರನ್ನು ನೋಡಿ ನೃತ್ಯದ ಗುರು ನಕ್ಕರು, ಬ್ಯಾಂಕಿನವರು ಕೋಟಿನ ಗುಂಡಿ ಬಿಚ್ಚಿ ನಕ್ಕರು. ಏನಾಯಿತೋ ಎಂದು ಕಾವಲಿನವನು ಮೆಟ್ಟಿಲ ಹತ್ತಿರದಿಂದ ಓಡಿ ಬಂದ. "ಸರಿ, ಹತ್ತೋರು ಹತ್ತಿ" ಎನ್ನುತ್ತಾ ಅಧ್ಯಕ್ಷೆ ಮುಂದೆ ನಡೆದರು. ನಾಲ್ವರೂ ಒಳಗೆ ಹೋದರು. ಹೋದ ವರ್ಷವಷ್ಟೇ ಅಣ್ಣನಿಗೆ ಸಂಬಳ ಕೊಟ್ಟಿದ್ದರಿಂದ ನಿರ್ದೇಶಕಿ ಮಾತ್ರ ನಮ್ಮ ಜೊತೆ ಬೆಂಚಿನ ಮೇಲೆ ಉಳಿದಳು. ಬ್ಯಾಗಿನಲ್ಲಿದ್ದ ಬಿಸ್ಕತ್ತನ್ನು ಮೂವರೂ ತಿಂದೆವು.

ಏನು ತೀರ್ಮಾನವಾಯಿತು ಎಂದು ಅವತ್ತು ನಮಗೆ ತಿಳಿಯಲಿಲ್ಲ. ಅರ್ಜಿದಾರರಿಗೆ ಪತ್ರ ತಲುಪುವ ತನಕ ಅದು ಗುಟ್ಟು. ಮನೆಗೆ ಬಂದರೆ ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಪಾಪ, ಒಬ್ಳೇ ಆಚೆ ಕೂತಿದ್ಯೇನೇ?" ಅಂತ ಹೆಂಡತಿಯನ್ನು ಕೇಳಿದ.

"ಒಬ್ಳೇ ಅಲ್ಲ ರೀ" ಎಂದು ಅತ್ತಿಗೆ ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು. ಯಾರು ಯಾರು ಎದ್ದು ಬಂದರು, ಏನೇನು ಅಂದರು ಎಂದು ಅವಳು ಹೇಳುತ್ತಾ ಹೋದ ಹಾಗೆ ಅಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತ. ಬಿರುಗಾಳಿಯ ಮಾತು ಬಂದಾಗ, "ಆ ಹುಡುಗೀಗೆ ಅದು ಗೊತ್ತಾಗಿತ್ತಾ?" ಎಂದು ಕೇಳಿದ. ದೇಶಕ್ಕೇ ಅಜ್ಜಿಯಂತಿರುವ ನಟಿ ಅವನ ಪಾಲಿಗೆ ಇನ್ನೂ ಆ ಹುಡುಗಿ. ಅವನ ಕಣ್ಣು ಒದ್ದೆಯಾಗಿತ್ತು, ಮುಖವೆಲ್ಲ ನಗುತ್ತಿತ್ತು.

"ಇನ್ನು ಕೊಡದಿದ್ರೂ ಪರವಾಗಿಲ್ಲ ಬಿಡು" ಅಂದ.

"ಬಾಯಿ ಮುಚ್ಚು" ಅಂದೆ ನಾನು. "ಚಪ್ಪಲಿ ಎಲ್ಲಿಡ್ತೀಯ?"

ಪತ್ರ ಬಂತು. ನೆರವು ಮಂಜೂರಾಗಿತ್ತು. ಒಂದೇ ಒಂದು ಷರತ್ತಿತ್ತು: ವರ್ಷಕ್ಕೊಮ್ಮೆ ಅವನು ಪರದೆಯ ಮುಂದೆ, ಜನರ ಎದುರಿಗೆ ನಿಂತು ತನ್ನ ಕೆಲಸ ಮಾಡಿ ತೋರಿಸಬೇಕು. ಅಣ್ಣ ಇದಕ್ಕೆ ಹೆದರಿದಷ್ಟು ಗುಜರಿ ಅಂಗಡಿಗೂ ಹೆದರಿರಲಿಲ್ಲ.

ಹೊಸ ಕೊಠಡಿಯಲ್ಲಿ ಅವನ ಮೊದಲ ಪ್ರದರ್ಶನದ ದಿನ ಕೂರಲು ಜಾಗವಿರಲಿಲ್ಲ. ಬ್ಯಾಂಕಿನವರು ಹೆಂಡತಿಯನ್ನು ಕರೆತಂದಿದ್ದರು. ಇಬ್ಬರೂ ತಗಡಿನ ಎರಡು ತುದಿ ಹಿಡಿಯಲು ಕಾದು ನಿಂತಿದ್ದರು. ನಾನು, ಅತ್ತಿಗೆ ಹಿಂದಿನ ಸಾಲಿನಲ್ಲಿ ಕೂತೆವು. ಆಗ ಅವಳು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು. ಮದುವೆಯಾದಾಗಿನಿಂದ ಅವನು ಮಾಡಿದ ನಾಟಕಗಳನ್ನೆಲ್ಲ ಅವಳು ನೋಡಿದ್ದಾಳೆ, ಆದರೆ ಆಟದ ಹೊತ್ತಿನಲ್ಲಿ ಅವನು ಕೆಲಸ ಮಾಡುವುದನ್ನು ಒಂದು ಸಲವೂ ನೋಡಿಲ್ಲ. ಅವನು ಪರದೆಯ ಆಚೆ, ಅವಳು ಈಚೆ.

ದೀಪ ಆರಿ, ಒಂದು ದೀಪ ಹೊತ್ತಿತು. ಅಣ್ಣ ಮುಂದೆ ಬಂದು ನಿಂತ, ಮೊರವನ್ನು ಎತ್ತಿಕೊಂಡ. ಅತ್ತಿಗೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ತಿರುಗಿ ನೋಡಿದರೆ ಅವಳ ಕಣ್ಣಿಂದ ಧಾರಾಕಾರ ನೀರು.

"ಏನು ಮಾಡ್ತಿದಾರೆ ಹೇಳೇ" ಅಂದಳು. "ನಂಗೇನೂ ಕಾಣ್ತಿಲ್ಲ."

ಅವನು ಮೊರವನ್ನು ವಾಲಿಸುತ್ತಿದ್ದಾನೆ, ಈಗ ತಗಡಿನ ಕಡೆ ನಡೆದ, ಈಗ ನಿನ್ನ ಕಡೆ ನೋಡುತ್ತಿದ್ದಾನೆ ಎಂದು ಮಂಡಳಿಯ ಪ್ರೇಕ್ಷಕ ಸದಸ್ಯೆಗೆ ಆವತ್ತಿನ ಇಡೀ ಆಟವನ್ನು ನಾನೇ ಪಿಸುಗುಟ್ಟಿ ಹೇಳಬೇಕಾಯಿತು.